ಅಡುಗೆಮನೆಯ ಸಿಂಕೂ ಆಸಿಡ್ ಬಾಟಲಿಯೂ

ಮೇಷ್ಟ್ರಿಗೆ ಬರೆಯಲು ಬೇರೆ ವಿಷಯವೇ ಸಿಗಲಿಲ್ಲವೇ ಎಂದು ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆಯ ನಿಮ್ಮ ಮನೆಗಳಿಗೆ ಮದುವೆ, ಗೃಹಪ್ರವೇಶ, ತಿಥಿಗಳ ನೆಪದಲ್ಲಿ ಹೋಗಿಬರುವಾಗ ಒಂದು ನೋಟ ಮತ್ತೆ ಮತ್ತೆ ನನ್ನ ಕಣ್ಣಿಗೆ ಬೀಳುತ್ತದೆ. ಗ್ರಾನೈಟ್ ಕಟ್ಟೆ, ಹೊಳೆಯುವ ಸ್ಟೀಲ್ ಸಿಂಕು. ಅದರ ಕೆಳಗಿನ ಬಾಗಿಲು ತೆರೆದರೆ ಕೊಳೆತ ಮೊಟ್ಟೆಯ ನಾತ. ಆ ನಾತದ ಪಕ್ಕದಲ್ಲಿಯೇ, ಮಕ್ಕಳ ಕೈಗೆಟುಕುವಂತೆ, ಒಂದು ಆಸಿಡ್ ಬಾಟಲಿ. ನಾತವನ್ನಾದರೂ ಸಹಿಸಬಹುದು, ಆ ಬಾಟಲಿಯನ್ನು ಸಹಿಸಲಾಗದು. ಅದಕ್ಕಾಗಿಯೇ ಈ ಬರಹ.

ನಮ್ಮ ಬಾಲ್ಯದಲ್ಲಿ ಮುಸುರೆ ಪಾತ್ರೆಗಳನ್ನು ಹಿತ್ತಲಿನಲ್ಲಿ ಬೂದಿ ಹಾಕಿ ತಿಕ್ಕುತ್ತಿದ್ದರು. ಅಕ್ಕಿ ತೊಳೆದ ನೀರು, ಮಿಕ್ಕ ಅನ್ನ, ತರಕಾರಿಯ ಸಿಪ್ಪೆಗಳೆಲ್ಲ ಕಲಗಚ್ಚಿನ ಬಾನಿ ಸೇರಿ ದನಗಳಿಗೆ ಹೋಗುತ್ತಿದ್ದವು. ತೊಳೆದ ನೀರು ಬಾಳೆಯ ಬುಡಕ್ಕೋ ಕೆಸುವಿನ ಮಡಿಗೋ ಹರಿಯುತ್ತಿತ್ತು. ಆ ಕಾಲವೇ ಚೆನ್ನಾಗಿತ್ತು ಎಂದು ಹಾಡಿ ಹೊಗಳಲು ನಾನು ಹೊರಟಿಲ್ಲ. ಬಚ್ಚಲ ಹಿಂದಿನ ಕೊಚ್ಚೆಯನ್ನೂ ಅದರ ಸೊಳ್ಳೆಗಳನ್ನೂ ಮರೆತವರು ಮಾತ್ರ ಹಾಗೆ ಹೇಳಿಯಾರು. ವ್ಯತ್ಯಾಸವಿಷ್ಟೇ: ಆಗ ಕೊಚ್ಚೆ ಮನೆಯ ಹೊರಗಿತ್ತು. ಈಗ ಗುಂಡಿಯನ್ನೂ ಚರಂಡಿಯನ್ನೂ ಒಂದು ಕೊಳವೆಯ ಮೂಲಕ ಒಲೆಯ ಪಕ್ಕಕ್ಕೇ ಜೋಡಿಸಿಕೊಂಡಿದ್ದೇವೆ. ನೀರು ಕೆಳಗಿಳಿಯುವ ದಾರಿಯಲ್ಲಿಯೇ ಗಾಳಿಯೂ ಮೇಲೇರುತ್ತದೆ ಎಂಬುದನ್ನು ಮನೆ ಕಟ್ಟಿಸುವವರು ಯೋಚಿಸುವುದೇ ಇಲ್ಲ.

ಇದಕ್ಕೆ ಪರಿಹಾರ ಹೊಸದೇನಲ್ಲ. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ ಎಂಬಾತ 1775ರಲ್ಲಿಯೇ ಶೌಚಾಲಯದ ಕೊಳವೆಯನ್ನು ಬಾಗಿಸಿ, ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಲ್ಲುವಂತೆ ಮಾಡಿ ಪೇಟೆಂಟ್ ಪಡೆದ. ನಿಂತ ನೀರೇ ಬಾಗಿಲು. ಕೆಳಗಿನ ದುರ್ಗಾಳಿ ಅದನ್ನು ದಾಟಲಾರದು. ಪ್ಲಂಬರುಗಳು ಇಂದು ಬಾಟಲ್ ಟ್ರ್ಯಾಪ್, ನಹನಿ ಟ್ರ್ಯಾಪ್ ಎನ್ನುವುದೆಲ್ಲ ಆ ತತ್ತ್ವದ ಸಂತಾನವೇ. ಆದರೆ ನಮ್ಮಲ್ಲಿ ನಡೆಯುವುದೇನು? ಸುರುಳಿ ಸುರುಳಿಯಾದ ಅಗ್ಗದ ಪ್ಲಾಸ್ಟಿಕ್ ಪೈಪೊಂದನ್ನು ಸಿಂಕಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ನೆಲದ ತೂತಿಗೆ ನೇರವಾಗಿ ತುರುಕಿಬಿಡುತ್ತಾರೆ. ಪೈಪಿನ ಸುತ್ತ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ವಾಸನೆಯೂ ಜಿರಲೆಯೂ ಬರುವುದು ಬಹುಪಾಲು ಆ ಸಂದಿನಿಂದಲೇ. ಅದನ್ನು ರಬ್ಬರ್ ಬಳೆಯಿಂದಲೋ ಬಿಳಿ ಸಿಮೆಂಟಿನಿಂದಲೋ ಮುಚ್ಚಿ, ಬಾಟಲ್ ಟ್ರ್ಯಾಪ್ ಹಾಕಿಸಿ. ಅದಾಗದಿದ್ದರೆ ಆ ಪೈಪನ್ನೇ ಕೊಕ್ಕೆಯಂತೆ ಬಾಗಿಸಿ, ತಂತಿಯಿಂದ ಬಿಗಿದು, ಬಾಗಿನಲ್ಲಿ ನೀರು ನಿಲ್ಲುವಂತೆ ಮಾಡಿ. ಅರ್ಧ ಗಂಟೆಯ ಕೆಲಸ.

ಬೆಂಗಳೂರಿನಲ್ಲಿ ನೆಲೆಸಿ ಯುಗಾದಿಗೋ ಮಾರನವಮಿಗೋ ಊರಮನೆಯ ಬೀಗ ತೆರೆಯುವವರಿಗೆ ಒಂದು ಮಾತು. ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ ವಾಸನೆಗೆ ಇಲಿ ಸತ್ತಿರಬೇಕೆಂದು ಅಟ್ಟವನ್ನೆಲ್ಲ ಹುಡುಕುತ್ತೀರಿ. ಹಲವು ಸಲ ಸತ್ತಿರುವುದು ಇಲಿಯಲ್ಲ. ಟ್ರ್ಯಾಪಿನ ನೀರು ಆವಿಯಾಗಿ ಹೋಗಿರುತ್ತದೆ. ಸಿಂಕಿಗೆ, ಬಚ್ಚಲಿಗೆ ಒಂದೊಂದು ಚೆಂಬು ನೀರು ಸುರಿದು ಕಿಟಕಿ ತೆರೆದರೆ ಸಾಕು. ಮರಳಿ ಹೊರಡುವಾಗ ಆ ನೀರಿನ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ಬೇಗನೆ ಆರದು. ಸಿಂಕಿಗೆ ಎಣ್ಣೆ ಬಿಡಬಾರದೆಂಬ ನನ್ನ ನಿಯಮಕ್ಕೆ ಇದೊಂದೇ ವಿನಾಯಿತಿ.

ಇನ್ನು ಸಿಂಕಿನ ಒಳಗಿನ ಕೊಳೆ. ನಮ್ಮ ಸೀಮೆಯಲ್ಲಿ ಎರಡು ಹೊತ್ತೂ ರಾಗಿ ಮುದ್ದೆ. ಮುದ್ದೆ ತೊಳಸಿದ ಪಾತ್ರೆಯನ್ನು ಹಾಗೆಯೇ ಸಿಂಕಿನಲ್ಲಿ ತಿಕ್ಕಿದರೆ ಹಿಟ್ಟು ಪೈಪಿನ ಗೋಡೆಗೆ ಅಂಟಿನಂತೆ ಹಿಡಿಯುತ್ತದೆ. ಬಾಡಿನ ಸಾರಿನ ಜಿಡ್ಡು ಅದರ ಮೇಲೆ ಗಟ್ಟಿಯಾಗುತ್ತದೆ. ಕೊಳವೆಬಾವಿಯ ಗಡಸು ನೀರಾದರೆ ಸೋಪಿನ ಗಸಿಯೂ ಜೊತೆಗೂಡುತ್ತದೆ. ಗಾಳಿಯಾಡದ ಈ ಲೋಳೆಯೊಳಗೆ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದೇ. ಪಾತ್ರೆಯನ್ನು ಮೊದಲು ನೆನೆಸಿ, ಹಿಟ್ಟನ್ನು ಕೆರೆದು ಹಸುವಿನ ಬಾನಿಗೋ ಗಿಡದ ಬುಡಕ್ಕೋ ಹಾಕಿ; ಜಿಡ್ಡನ್ನು ಕಾಗದದಿಂದ ಒರೆಸಿ ತೆಗೆಯಿರಿ. ಸಿಂಕಿನ ಜಾಲರಿಯನ್ನು ಕಳಚಿ ಅದರ ಅಡಿಭಾಗವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಟ್ರ್ಯಾಪಿನ ಕೆಳಗೆ ಬಕೆಟ್ ಇಟ್ಟು, ತಿರುಗಿಸಿ ಬಿಚ್ಚಿ, ತೊಳೆಯಿರಿ. ವಾರಕ್ಕೊಮ್ಮೆ ಎರಡು ಚಮಚ ವಾಷಿಂಗ್ ಸೋಡ ಹಾಕಿ ಬಿಸಿನೀರು ಬಿಡಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಪೈಪು ಮೆತ್ತಗಾಗುತ್ತದೆ. ಅಗಸರು ಬಟ್ಟೆಗೆ ಬಳಸುತ್ತಿದ್ದ ಚೌಳು ಮಣ್ಣಿನಲ್ಲಿ ಇದ್ದದ್ದು ಈ ಸೋಡವೇ; ಅಜ್ಜಿಯ ಬೂದಿಯಲ್ಲಿದ್ದದ್ದು ಇದರ ದಾಯಾದಿ. ಅಡುಗೆಸೋಡಕ್ಕೆ ವಿನೆಗರ್ ಸುರಿದು ನೊರೆ ಬರಿಸುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಆಮ್ಲವೂ ಕ್ಷಾರವೂ ಒಂದನ್ನೊಂದು ತಿಂದುಹಾಕಿದ ಮೇಲೆ ಜಿಡ್ಡಿಗೆ ಉಳಿಯುವುದೇನು?

ಈಗ ಆ ಬಾಟಲಿಯ ವಿಚಾರ. ಪ್ರಯೋಗಾಲಯದಲ್ಲಿ ಫೆರಸ್ ಸಲ್ಫೈಡಿನ ಮೇಲೆ ಆಸಿಡ್ ಸುರಿದು ಹೈಡ್ರೋಜನ್ ಸಲ್ಫೈಡ್ ತಯಾರಿಸುತ್ತಿದ್ದುದು ನಿಮ್ಮಲ್ಲಿ ವಿಜ್ಞಾನ ಓದಿದವರಿಗೆ ನೆನಪಿರಬೇಕು. ಇಡೀ ಕಟ್ಟಡವೇ ನಾರುತ್ತಿತ್ತು. ಸಿಂಕಿನ ಕೊಳವೆಯ ಲೋಳೆಯ ಕಪ್ಪು ಬಣ್ಣ ಬಹುಮಟ್ಟಿಗೆ ಅಂತಹ ಸಲ್ಫೈಡಿನದೇ. ಅದರ ಮೇಲೆ ಆಸಿಡ್ ಸುರಿಯುವುದೆಂದರೆ ಅದೇ ಪ್ರಯೋಗವನ್ನು ಅಡುಗೆಮನೆಯಲ್ಲಿ ಮಾಡಿದಂತೆ. ಬ್ಲೀಚಿಂಗ್ ಪೌಡರ್ ಹಾಕಿದ ಮೇಲೆ ಆಸಿಡ್ ಸುರಿದರಂತೂ ಹುಟ್ಟುವುದು ಕ್ಲೋರಿನ್, ಶ್ವಾಸಕೋಶವನ್ನು ಸುಡುವ ಅನಿಲ. ಸ್ಟೀಲ್ ಸಿಂಕಿನಲ್ಲಿ ಗುಳಿ ಬೀಳುವುದು, ಸಿಮೆಂಟ್ ಸಂದುಗಳು ಕರಗುವುದು ಇವೆಲ್ಲ ಅದರ ಮುಂದೆ ಸಣ್ಣ ನಷ್ಟಗಳು. ಆಸಿಡ್ಡಿನ ಚಿಲ್ಲರೆ ಮಾರಾಟಕ್ಕೆ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿಯೇ ಕಡಿವಾಣ ಹಾಕಿತು. ಅದಕ್ಕೆ ಕಾರಣ ಹೆಣ್ಣುಮಕ್ಕಳ ಮುಖಗಳು. ಅಂತಹ ವಸ್ತುವನ್ನು ಪಾತ್ರೆ ತೊಳೆಯುವ ಜಾಗದಲ್ಲಿ ಇಟ್ಟುಕೊಳ್ಳುವುದು ನನ್ನ ಬುದ್ಧಿಗೆ ಒಗ್ಗುವುದಿಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಪ್ರಕಟಿಸಿದ ಮಲಿನ ನದಿಪಾತ್ರಗಳ ಪಟ್ಟಿಯಲ್ಲಿ ರಂಗನತಿಟ್ಟಿನಿಂದ ಕೆಳಗಿನ ಕಾವೇರಿಯೂ ಇತ್ತು. ಶ್ರೀರಂಗಪಟ್ಟಣ ನದಿಯ ನಡುವಿನ ದ್ವೀಪ. ಅಲ್ಲಿ ಸಿಂಕಿಗೆ ಸುರಿದದ್ದು ಎಲ್ಲಿಗೆ ಸೇರುತ್ತದೆಂದು ನಾನು ವಿವರಿಸಬೇಕಾಗಿಲ್ಲ. ಉಳಿದ ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಉದ್ಯೋಗ ಖಾತರಿಯ ಹಣದಿಂದ ಕಟ್ಟಿಸಿದ ಬಚ್ಚಲುಗುಂಡಿ ಇದ್ದರೆ, ಜಿಡ್ಡು ಅದರ ಇಂಗುವ ಶಕ್ತಿಯನ್ನೇ ಕೆಡಿಸುತ್ತದೆ.

ಮನೆಯಲ್ಲಿ ಈಗಾಗಲೇ ಆ ಬಾಟಲಿ ಇದ್ದರೆ, ಖಾಲಿ ಮಾಡುವ ಆತುರದಲ್ಲಿ ಸಿಂಕಿಗೆ ಸುರಿಯಬೇಡಿ. ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ತುಂಬಿಟ್ಟಿದ್ದರಂತೂ ಈ ಹೊತ್ತೇ ಅದರ ಮೇಲೆ ದೊಡ್ಡದಾಗಿ ಹೆಸರು ಬರೆದು, ಮೊಮ್ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಬೀಗದೊಳಗೆ ಇಡಿ.