ನಂಬಿಕೆ ಮತ್ತು ಲಾಭದ ಲೆಕ್ಕ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ದಲಿತ ಮೂಲದ ಕ್ರೈಸ್ತರು ಲಾಭಕ್ಕಾಗಿಯೇ ಯೇಸುವನ್ನು ನಂಬಿದ್ದಾರೆ, ನೆರೆಹೊರೆಯವರು ಒತ್ತಡ ಹೇರಿದರೆ ಹಿಂದಿನ ಧರ್ಮಕ್ಕೆ ಮರಳುತ್ತಾರೆ ಎಂಬ ಇತ್ತೀಚಿನ ಲೇಖನವೊಂದರ ವಾದವು ಕಾನೂನನ್ನೇ ಮರೆತಿದೆ. ಪರಿಶಿಷ್ಟ ಜಾತಿಗೆ ಸೇರುವವರು ಯಾರೆಂದು ನಿರ್ಧರಿಸುವ 1950ರ ರಾಷ್ಟ್ರಪತಿಗಳ ಆದೇಶವು 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಒಳಗೊಂಡಿತಾದರೂ ಕ್ರೈಸ್ತರನ್ನು ಹೊರಗೇ ಇರಿಸಿದೆ. ಹೀಗಾಗಿ ಕ್ರಿಸ್ತನನ್ನು ಬಹಿರಂಗವಾಗಿ ಒಪ್ಪಿಕೊಂಡ ದಲಿತ ಕುಟುಂಬವು ಪರಿಶಿಷ್ಟ ಜಾತಿಯ ಮೀಸಲಾತಿಯನ್ನೂ 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯನ್ನೂ ಕಳೆದುಕೊಳ್ಳುತ್ತದೆ, ಆದರೆ ಊರಿನ ಜಾತಿದೃಷ್ಟಿ ಅದರ ಬೆನ್ನು ಬಿಡುವುದಿಲ್ಲ. ಇಷ್ಟನ್ನು ತೆತ್ತು, ಮೂದಲಿಕೆಯ ನಡುವೆಯೂ ಮನೆಮಂದಿಯೊಡನೆ ಬೈಬಲ್ ಓದಿ ಭಾನುವಾರದ ಆರಾಧನೆಗೆ ಹೋಗುವವರ ನಿಷ್ಠೆಯನ್ನು ಲೋಭವೆಂದು ಕರೆಯುವುದು ಕಟುವಾದ ಅನ್ಯಾಯ. 1925ರಲ್ಲಿ ಇದೇ ನಿಪ್ಪಾಣಿಯ ಅಸ್ಪೃಶ್ಯರ ಸಮ್ಮೇಳನಕ್ಕೆ ಬಂದಿದ್ದ ಅಂಬೇಡ್ಕರ್ ಮುಂದೆ ಕರಡು ಸಮಿತಿಯ ಅಧ್ಯಕ್ಷರಾಗಿ ರೂಪಿಸಿದ ಸಂವಿಧಾನದ 25ನೆಯ ವಿಧಿಯು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು, ಅಂದರೆ ಅಂತರಂಗ ಒಪ್ಪಿದ್ದನ್ನು ನಂಬುವ ಹಕ್ಕನ್ನು, ನೆರೆಯವರ ಸಮ್ಮತಿಗೆ ಒಳಪಡಿಸಿಲ್ಲ.