ಮರಳಿ ಬಂದ ಪದಬಂಧ

ವರ್ಷಕ್ಕೆ ನೂರು ತಿರಸ್ಕಾರ ಸಂಪಾದಿಸಿ ಎಂಬ ಸಲಹೆ ಈಚೆಗೆ ಬರಹಗಾರರ ನಡುವೆ ಓಡಾಡುತ್ತಿದೆ. ಕಳಿಸುತ್ತಲೇ ಇರಿ, ವಿಷಾದ ಪತ್ರ ಬಂದರೆ ಪದಕವೆಂದು ಎತ್ತಿಟ್ಟುಕೊಳ್ಳಿ ಎಂಬುದು ಅದರ ತಾತ್ಪರ್ಯ. ಕತೆ, ಕವಿತೆ ಬರೆಯುವವರಿಗೆ ಇದರಿಂದ ಒಂದಿಷ್ಟು ಧೈರ್ಯ ಬರಬಹುದು. ಪದಬಂಧ ಕಟ್ಟುವವರಿಗೆ ಮಾತ್ರ ಇದು ಕೆಟ್ಟ ಸಲಹೆ. ಮರಳಿ ಬಂದ ಪದಬಂಧದಲ್ಲಿ ತಪ್ಪು ಎಲ್ಲಿದೆಯೆಂದು ಬಹಳಷ್ಟು ಸಲ ಬೆರಳಿಟ್ಟು ತೋರಿಸಬಹುದು. ಅದನ್ನು ನೋಡದೆ ಮುಂದಿನದನ್ನು ಕಳಿಸುವವರು ನೂರನೆಯ ಸಲವೂ ಅಲ್ಲೇ ಎಡವುತ್ತಾರೆ.

ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯನ್ನೇ ನೋಡಬಹುದು. 1942ರ ಫೆಬ್ರುವರಿ 15ರಂದು ಮೊದಲ ಪದಬಂಧ ಅಚ್ಚುಮಾಡಿದ ಆ ಪತ್ರಿಕೆಗೆ ಈಗ ವಾರಕ್ಕೆ ಸುಮಾರು 150ರಿಂದ 200 ಪದಬಂಧಗಳು ಬರುತ್ತವೆ. ದಿನಕ್ಕೊಂದರಂತೆ ಅಚ್ಚಾಗುವುದು ಏಳು. ಕಟ್ಟುಪಾಡುಗಳೂ ಬಿಗಿ. ವಾರದ ದಿನಗಳಲ್ಲಿ ಉದ್ದಗಲ 15 ಮನೆ. ಸಾಮಾನ್ಯವಾಗಿ ಹಾಳೆಯನ್ನು ತಲೆಕೆಳಗು ಮಾಡಿದರೂ ಕಪ್ಪು ಚೌಕಗಳ ವಿನ್ಯಾಸ ಬದಲಾಗಬಾರದು. ಮೂರಕ್ಷರಕ್ಕಿಂತ ಚಿಕ್ಕ ಪದ ಸಲ್ಲದು. ಒಂದೊಂದು ಅಕ್ಷರವೂ ಅಡ್ಡಪದಕ್ಕೂ ಕೆಳಪದಕ್ಕೂ ಸೇರಿರಲೇಬೇಕು.

ಈ ಕೊನೆಯ ನಿಯಮದ ಹಿಂದೆ ಪದಬಂಧ ಬಿಡಿಸುವವರ ಮೇಲಿನ ಕಾಳಜಿಯಿದೆ. ಅಡ್ಡಪದ ಗೊತ್ತಿಲ್ಲದಿದ್ದರೆ ಕೆಳಪದ ಕೈಹಿಡಿಯಬೇಕು. 2008ರಲ್ಲಿ ಅದೇ ಪತ್ರಿಕೆಯ ಒಂದು ಪದಬಂಧದಲ್ಲಿ ಎರಡೂ ಕೈಕೊಟ್ಟವು. ಬಾಸ್ಟನ್ ಮ್ಯಾರಥಾನ್‌ನ ಎಂಟನೆಯ ಮೈಲಿಯಲ್ಲಿರುವ ಊರು ಯಾವುದೆಂದು ಒಂದು ಸುಳಿವು ಕೇಳಿತ್ತು, ಉತ್ತರ ನೇಟಿಕ್. ಅದನ್ನು ದಾಟಿಹೋಗುವ ಪದ ಎನ್. ಸಿ. ವೈಯತ್ ಎಂಬ ಚಿತ್ರಕಾರನ ಹೆಸರು. ಊರೂ ತಿಳಿಯದ, ಚಿತ್ರಕಾರನೂ ತಿಳಿಯದ ಓದುಗನಿಗೆ ಅವೆರಡೂ ಕೂಡುವ ಮನೆಯನ್ನು ತುಂಬಲು ಊಹೆಯೊಂದೇ ಗತಿ. ರೆಕ್ಸ್ ಪಾರ್ಕರ್ ಎಂಬ ಹೆಸರಿನಲ್ಲಿ ಬರೆಯುವ ವಿಮರ್ಶಕ ಅಂದಿನಿಂದ ಇಂಥ ಅನ್ಯಾಯದ ಕೂಡುಮನೆಯನ್ನು ‘ನೇಟಿಕ್’ ಎಂದೇ ಕರೆದರು, ಹೆಸರು ನಿಂತುಬಿಟ್ಟಿತು. ಇಂಥದ್ದೊಂದು ಮನೆ ಇದೆಯೆಂದು ಪದಬಂಧ ಮರಳಿ ಬಂದರೆ ಕಟ್ಟಿದವರು ಎದೆಗುಂದಬೇಕಿಲ್ಲ, ಎದೆಯುಬ್ಬಿಸಬೇಕಾಗಿಯೂ ಇಲ್ಲ. ಆ ಮೂಲೆಯನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಡೇವಿಡ್ ಸ್ಟೈನ್‌ಬರ್ಗ್ ಎಂಬ ಹುಡುಗನ ಪದಬಂಧಗಳು ಮೊದಮೊದಲು ಹಿಂದಕ್ಕೆ ಬರುತ್ತಿದ್ದವು. 2011ರಲ್ಲಿ, 14ನೆಯ ವಯಸ್ಸಿಗೆ, ಅವನದೊಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅಚ್ಚಾಯಿತು. ಎರಡು ವರ್ಷದ ನಂತರ 99 ವರ್ಷದ ಬರ್ನಿಸ್ ಗಾರ್ಡನ್ ಜೊತೆ ಸೇರಿ ಅವನು ಕಟ್ಟಿದ್ದೂ ಅಲ್ಲೇ ಪ್ರಕಟವಾಯಿತು. ಈ ಕಲೆಗೆ ವಯಸ್ಸಿನ ಹಂಗಿಲ್ಲ, ತಿದ್ದಿಕೊಳ್ಳುವ ಹಂಗು ಖಂಡಿತ ಇದೆ.

ಕನ್ನಡದಲ್ಲಿ ಈ ಕೆಲಸ ಇನ್ನೂ ಕಠಿಣ. ಇಂಗ್ಲಿಷಿನ ಒಂದು ಮನೆಯಲ್ಲಿ ಕೂರಬಹುದಾದ ಅಕ್ಷರಗಳು 26. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಸೇರಿ ಅವು ನೂರಾರು. ‘ಮಂಡಕ್ಕಿ’ಯ ಕೊನೆಯ ಮನೆಯನ್ನು ಇನ್ನೊಂದು ಪದ ದಾಟಬೇಕಾದರೆ ಅಲ್ಲಿ ‘ಕ’ ಸಾಲದು, ‘ಕಿ’ಯೂ ಸಾಲದು, ‘ಕ್ಕಿ’ಯೇ ಬೇಕು. ಅಕ್ಕಿ, ಹಕ್ಕಿ, ಚುಕ್ಕಿ ಎಂದು ಹುಡುಕುತ್ತ ಕೂರಬೇಕು. ಹಾಗಾಗಿಯೇ ನಮ್ಮ ಪದಬಂಧಗಳಲ್ಲಿ ಒಂದೇ ಪದಕ್ಕೆ ಸೇರಿದ ಮನೆಗಳು ಬಹಳ. ಅಂಥ ಮನೆಗೆ ಇನ್ನೊಂದು ಪದದ ಆಸರೆ ಇಲ್ಲದ್ದರಿಂದ ಸುಳಿವೊಂದೇ ಅದನ್ನು ಹೊರಬೇಕು. ಕನ್ನಡದಲ್ಲಿ ಪದಬಂಧ ಮರಳಿ ಬಂದವರು ಮೊದಲು ತಮ್ಮ ಸುಳಿವುಗಳನ್ನು ಅನುಮಾನಿಸಬೇಕು.

ಆದರೆ ತಿರಸ್ಕಾರದಲ್ಲಿ ಇನ್ನೊಂದು ಜಾತಿಯಿದೆ. ‘ಈ ಪದ ಯಾರಿಗೆ ಗೊತ್ತು?’ ಎಂಬ ಪ್ರಶ್ನೆಯ ರೂಪದಲ್ಲಿ ಅದು ಬರುತ್ತದೆ. ಧಾರವಾಡದವರ ಚುರುಮುರಿ, ದಾವಣಗೆರೆಯವರ ಮಂಡಕ್ಕಿ, ಮೈಸೂರಿನವರ ಕಡಲೆಪುರಿ ಎಲ್ಲವೂ ಹುರಿದ ಅದೇ ಅಕ್ಕಿ. ಪದಬಂಧದಲ್ಲಿ ಮಾತ್ರ ನಾಲ್ಕು, ಮೂರು, ಐದು ಮನೆ. ಇವುಗಳಲ್ಲಿ ಒಂದು ಎಲ್ಲರಿಗೂ ಗೊತ್ತು, ಉಳಿದವು ಪ್ರಾದೇಶಿಕ ಎಂದು ತೀರ್ಮಾನಿಸುವ ಅಧಿಕಾರ ಯಾರದು? ಅಮೆರಿಕದಲ್ಲೂ ಇದೇ ಜಗಳ ನಡೆಯಿತು. ಮರೀ ಕೊಂಡೊ ಎಂಬ ಹೆಸರು ಹೆಚ್ಚಿನವರಿಗೆ ಪರಿಚಯವಿರಲಾರದೆಂದು ಸಂಪಾದಕೀಯ ಟಿಪ್ಪಣಿಯೊಂದು ಹೇಳಿದ ಸಂಗತಿಯನ್ನು ಪದಬಂಧ ಕಟ್ಟುವ ನೇಟನ್ ಲಾಸ್ಟ್ 2020ರಲ್ಲಿ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಬರೆದರು. ಮನೆ ಒಪ್ಪ ಮಾಡುವುದನ್ನು ಹೇಳಿಕೊಟ್ಟು ಲೋಕಪ್ರಸಿದ್ಧಳಾದ ಜಪಾನಿನ ಹೆಂಗಸು ಅಪರಿಚಿತೆ, ಮ್ಯಾರಥಾನ್ ದಾರಿಯ ಊರು ಪರಿಚಿತ! ಅದೇ ವರ್ಷ 600ಕ್ಕೂ ಹೆಚ್ಚು ಮಂದಿ ನ್ಯೂಯಾರ್ಕ್ ಟೈಮ್ಸ್‌ಗೆ ಬಹಿರಂಗ ಪತ್ರ ಬರೆದು ಸಂಪಾದಕೀಯ ಬಳಗದಲ್ಲಿ ಬದಲಾವಣೆ ಕೇಳಿದರು. ಇಂಥ ತಿರಸ್ಕಾರಕ್ಕೆ ತಲೆಬಾಗಕೂಡದು. ಒಂದು ಸಮುದಾಯದ ಅರಿವನ್ನೇ ಸಾಮಾನ್ಯಜ್ಞಾನವೆಂದು ಕರೆದು ಉಳಿದವರ ಬದುಕನ್ನು ಅಂಚಿಗೆ ತಳ್ಳುವುದು ಅನ್ಯಾಯ. ಆಟದ ವಿಷಯಕ್ಕೆ ಇಷ್ಟು ರಂಪವೇಕೆ ಎನ್ನುವವರು ಸುಳಿವುಗಳಲ್ಲಿ ತಮ್ಮ ಹೆಸರನ್ನು ಎಂದೂ ಹುಡುಕಬೇಕಾಗಿ ಬಂದವರಲ್ಲ.

ಸಂಪಾದಕರ ವಾದದಲ್ಲೂ ತೂಕವಿದೆ. ವಾರಕ್ಕೆ ಇನ್ನೂರು ಪದಬಂಧ ನೋಡುವವರು ಎಲ್ಲರಿಗೂ ಪಾಠ ಹೇಳಲಾರರು. ಬೆಳಗಿನ ಕಾಫಿಯೊಡನೆ ಪದಬಂಧ ಬಿಡಿಸುವ ಓದುಗನ ಪರವಾಗಿ ಮಾತಾಡುವವರು ಅವರೊಬ್ಬರೇ. ಕಟ್ಟಿದವರಿಗೆ ತಮ್ಮ ಜಾಣತನದ ಮೇಲೆ ಮೋಹ ಇದ್ದೇ ಇರುತ್ತದೆ. ಇಷ್ಟನ್ನೂ ಒಪ್ಪಬಹುದು. ಆದರೂ ಒಂದು ಸಾಲು ಬೇಕು. ಕಟ್ಟಡ ಸಡಿಲ, ಇದೇ ವಿಷಯ ಈ ಹಿಂದೆ ಬಂದಿದೆ, ಈ ಪದ ಓದುಗರಿಗೆ ಒಗ್ಗದು: ಇವುಗಳಲ್ಲಿ ಯಾವುದೆಂದು ತಿಳಿಸಿದರೂ ಸಾಕು. ತಿದ್ದಿಕೊಳ್ಳಬೇಕೋ ಜಗಳ ಕಾಯಬೇಕೋ ಎಂಬುದು ಆ ಸಾಲಿನಿಂದಲೇ ಗೊತ್ತಾಗುವುದು. ‘ವಿಷಾದಿಸುತ್ತೇವೆ’ ಎಂಬ ಒಣ ಮಾತು ಎರಡಕ್ಕೂ ದಾರಿ ಕೊಡುವುದಿಲ್ಲ.

ಜಗಳ ಕಾಯಲು ಹೊರಟ ಕೆಲವರು ತಮ್ಮದೇ ಅಂಗಳ ಕಟ್ಟಿಕೊಂಡರು. ಲಾರಾ ಬ್ರೌನ್‌ಸ್ಟೀನ್ ಮತ್ತು ಟ್ರೇಸಿ ಬೆನೆಟ್ 2019ರಲ್ಲಿ ಹೆಣ್ಣುಮಕ್ಕಳ ಪದಬಂಧಗಳಿಗಾಗಿ ಇಂಕ್ಯುಬೇಟರ್ ಎಂಬ ವೇದಿಕೆ ಶುರುಮಾಡಿದರು. ಬೇರೆಡೆ ಸಲ್ಲದೆಂದು ಬದಿಗಿಟ್ಟ ಪದಗಳಿಗೆ ಅಲ್ಲಿ ಜಾಗ ಸಿಕ್ಕಿತು. ಬೆನೆಟ್ ಆಮೇಲೆ ನ್ಯೂಯಾರ್ಕ್ ಟೈಮ್ಸ್‌ನ ಸಂಪಾದಕೀಯ ಬಳಗವನ್ನೇ ಸೇರಿದರು, 2022ರಲ್ಲಿ ಅಲ್ಲಿನ ವರ್ಡಲ್ ಆಟದ ಸಂಪಾದಕಿಯಾದರು.