‘ಆಲು’ ಅಂದವನ ನಾಲಿಗೆಗೆ ರೋಗವಿಲ್ಲ



ಹಳಗನ್ನಡದ ಪಾಲು ಹಾಲಾಯಿತು. ಪುಲಿ ಹುಲಿಯಾಯಿತು. ಪೂ ಹೂವಾಯಿತು. ಇದನ್ನು ಕಾಲೇಜಿನಲ್ಲಿ ಧ್ವನಿವ್ಯತ್ಯಾಸ ಎಂದು ಕಲಿಸುತ್ತಾರೆ. ನಾವೂ ನೋಟ್ಸ್ ಬರೆದುಕೊಂಡು ಅಂಕ ತಗೊಂಡಿದ್ದೇವೆ. ಅದೇ ಹಾಲು ನಮ್ಮ ಕೇರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಆಲು’ ಆದರೆ ಮಾತ್ರ ಅದು ಉಚ್ಚಾರದೋಷ! ಪಂಡಿತರ ಅಜ್ಜಂದಿರು ಪಕಾರ ಬಿಟ್ಟರೆ ಭಾಷೆಯ ಬೆಳವಣಿಗೆ, ನಮ್ಮವ್ವ ಹಕಾರ ಬಿಟ್ಟರೆ ನಾಲಿಗೆಯ ರೋಗ. ಇದು ಯಾವ ಶಾಸ್ತ್ರ ಸ್ವಾಮಿ?

ಮೂರನೇ ಕ್ಲಾಸಿನಲ್ಲಿ ನಮ್ಮ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ‘ಹಸು’ ಅಂತ ನೂರು ಸಲ ಹೇಳಿಸಿದರು. ನೂರು ಸಲವೂ ‘ಅಸು’ ಅಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಪಕ್ಕದಲ್ಲಿದ್ದ ನನ್ನ ಚಿಕ್ಕಪ್ಪನ ಮಗಳು ಮಾತ್ರ ನಗಲಿಲ್ಲ. ಅವಳಿಗೆ ಪಾಠ ಅರ್ಧಂಬರ್ಧ ಕೇಳಿಸುತ್ತಿತ್ತು. ಅವಳು ಸರಕ್ಕೆ ‘ತರ’ ಅನ್ನುತ್ತಿದ್ದಳು, ಸೊಪ್ಪಿಗೆ ‘ತೊಪ್ಪು’. ಚಿಕ್ಕವ್ವ ಶಾಲೆಗೆ ಹೋಗಿ, “ಮಗೀಗೆ ಕಿವಿ ಸರಿಯಾಗಿ ಕೇಳಾಕಿಲ್ಲ ಅನ್ನುಸ್ತದೆ ಬುದ್ದಿ” ಅಂದಳು. “ನಿಮ್ಮ ಕೇರಿ ನಾಲಿಗೇನೇ ಅಷ್ಟು, ಹೋಗು” ಅಂದರು ಮೇಷ್ಟ್ರು.

ಹತ್ತನೇ ವಯಸ್ಸಿಗೆ ಪಟ್ಟಣದ ಆಸ್ಪತ್ರೆಯಲ್ಲಿ ಯಂತ್ರ ಇಟ್ಟು ನೋಡಿದರು. ಎರಡೂ ಕಿವಿಗೆ ಮೇಲಿನ ಸ್ಥಾಯಿಯ ಸದ್ದು ಬೀಳುತ್ತಿರಲಿಲ್ಲ. ಸ, ಶ ಅಕ್ಷರಗಳ ಸದ್ದು ಇರುವುದೇ ಆ ಸ್ಥಾಯಿಯಲ್ಲಿ. ಕೇಳದ ಅಕ್ಷರವನ್ನು ಮಗು ಹ್ಯಾಗೆ ಆಡೀತು? ಹುಟ್ಟಿದ ಒಂದು ತಿಂಗಳೊಳಗೆ ಕಿವಿ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು ಎನ್ನುತ್ತದೆ ಈ ಶಾಸ್ತ್ರ. ನಮ್ಮ ಹುಡುಗಿಗೆ ಹತ್ತು ವರ್ಷ ಬೇಕಾಯಿತು.

ಒಬ್ಬರೇ ಮೇಷ್ಟ್ರು, ಎರಡು ತಪ್ಪು. ನನ್ನಲ್ಲಿ ಇಲ್ಲದ ರೋಗ ಕಂಡರು. ಅವಳಲ್ಲಿ ಇದ್ದ ನ್ಯೂನತೆ ಕಾಣಲಿಲ್ಲ, ಜಾತಿ ಕಂಡಿತು. ಎರಡಕ್ಕೂ ಬೇರು ಒಂದೇ: ನಮ್ಮ ಮಾತು ಅವರಿಗೆ ಗೊತ್ತಿರಲಿಲ್ಲ. ಹಕಾರ ಬೀಳುವುದು ನಮ್ಮೂರ ಮಾತಿನ ನಿಯಮ, ಸಕಾರ ತಕಾರವಾಗುವುದು ನಿಯಮವಲ್ಲ ಎಂದು ಅವರಿಗೆ ತಿಳಿದಿದ್ದರೆ ಆ ಹುಡುಗಿಯ ಹತ್ತು ವರ್ಷ ಉಳಿಯುತ್ತಿತ್ತು.

ಮೇಷ್ಟ್ರನ್ನು ಬಯ್ದು ಏನು ಬಂತು? ಮೇಷ್ಟ್ರಿಗೂ ವೈದ್ಯನಿಗೂ ಇದನ್ನು ಹೇಳಿಕೊಡಬೇಕಾದವರು ವಿಶ್ವವಿದ್ಯಾಲಯದಲ್ಲಿ ಮಾತಿನ ಶಾಸ್ತ್ರ ಕಲಿಸುವವರು. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಶುರುವಾಯಿತು. ಉಗ್ಗುವವರು, ಸೀಳುತುಟಿಯ ಕೂಸುಗಳು, ಲಕ್ವ ಹೊಡೆದು ಮಾತು ಬಿದ್ದುಹೋದವರು, ಕಿವಿ ಕೇಳದವರು ಇಂಥ ವಿದ್ಯೆಯಿಂದ ಬದುಕು ಕಂಡಿದ್ದಾರೆ. ಕನ್ನಡದಲ್ಲಿ ಉಚ್ಚಾರ ಪರೀಕ್ಷೆಗಳನ್ನೂ ಕಟ್ಟಿದ್ದಾರೆ. ಇದನ್ನು ಅಲ್ಲಗಳೆದರೆ ನಾಲಿಗೆ ಬಿದ್ದುಹೋದೀತು. 2011ರ ಜನಗಣತಿಯಲ್ಲಿ ಕಿವಿಯ ತೊಂದರೆಯವರು ದೇಶದಲ್ಲಿ 50 ಲಕ್ಷ, ಮಾತಿನ ತೊಂದರೆಯವರು ಸುಮಾರು 20 ಲಕ್ಷ. ಈ ವಿದ್ಯೆ ನಮಗೆ ಬೇಕು. ಬೇಕಾದ್ದರಿಂದಲೇ ಜಗಳ.

ಜಗಳ ಪಾಠದ ಕೋಣೆಯ ಜೊತೆ. ಪದವಿ ತರಗತಿಯಲ್ಲಿ ಪಾಠ ಇಂಗ್ಲಿಷು, ಪುಸ್ತಕ ಇಂಗ್ಲಿಷು, ಪರೀಕ್ಷೆ ಇಂಗ್ಲಿಷು. ಮೀಸಲಾತಿಯ ಸೀಟು ಹಿಡಿದು ಕನ್ನಡ ಶಾಲೆಯಿಂದ ಹೋದ ನಮ್ಮ ಹುಡುಗಿ ಕೊನೆಯ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರುತ್ತಾಳೆ. ಮಾತಿನ ಶಾಸ್ತ್ರ ಓದಲು ಹೋದವಳು ಮಾತನ್ನೇ ಕಳಕೊಳ್ಳುತ್ತಾಳೆ! ಕ್ಲಿನಿಕ್ಕಿಗೆ ಬರುವ ನಮ್ಮವ್ವಂದಿರ ಒಂದೊಂದು ಸೊಲ್ಲೂ ಆಕೆಗೆ ಗೊತ್ತು. ಆ ತಿಳಿವಳಿಕೆಗೆ ಅಲ್ಲಿ ಒಂದು ಅಂಕವಿಲ್ಲ.

ಅಮೆರಿಕದ ಆನ್ ಆರ್ಬರ್ ಎಂಬ ಊರಲ್ಲಿ ಬಡ ಕಪ್ಪು ಮಕ್ಕಳನ್ನು ದಡ್ಡರ ಸಾಲಿಗೆ ತಳ್ಳಿದಾಗ ತಾಯಂದಿರು ಕೋರ್ಟಿಗೆ ಹೋದರು. ಮಕ್ಕಳ ಮನೆಮಾತನ್ನು ಶಿಕ್ಷಕರು ತಿಳಿದುಕೊಳ್ಳಲೇಬೇಕು ಎಂದು 1979ರಲ್ಲಿ ತೀರ್ಪು ಬಂತು. 1983ರಲ್ಲಿ ಆ ದೇಶದ ವಾಕ್ ಶ್ರವಣ ತಜ್ಞರ ಸಂಘವೇ ಇಂಗ್ಲಿಷಿನ ಯಾವ ಉಪಭಾಷೆಯೂ ರೋಗವಲ್ಲ ಎಂದು ಹೇಳಬೇಕಾಯಿತು. ಮರುವರ್ಷ, 1984ರಲ್ಲಿ, ನಮ್ಮಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಬಂತು. ಕೇರಿಯ ಮಾತಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಸಿಕ್ಕಿತು. ಪ್ರಶಸ್ತಿ ಪಡೆದ ಮಾತು ಶಾಲೆಯಲ್ಲಿ ಇನ್ನೂ ಬೆಂಚಿನ ಮೇಲೆ ನಿಂತಿದೆ.

ನಾವು ಕೇಳುವುದು ಭಿಕ್ಷೆಯಲ್ಲ. ಕರ್ನಾಟಕದಲ್ಲಿ ಮಾತಿನ ಶಾಸ್ತ್ರ ಕಲಿಸುವ ಪ್ರತಿ ಕಾಲೇಜಿನಲ್ಲೂ ಕೇರಿ, ಹಟ್ಟಿ, ಹಾಡಿ, ತಾಂಡಾಗಳ ನುಡಿ ಪಾಠವಾಗಬೇಕು. ಅಲ್ಲಿಂದ ಬಂದವರೇ ಅದನ್ನು ಕಲಿಸಬೇಕು. ಕನ್ನಡದಲ್ಲಿ ಪಾಠ ಕೇಳುವ, ಪರೀಕ್ಷೆ ಬರೆಯುವ ಹಕ್ಕು ಬೇಕು. ಮಗುವಿನ ವರದಿ ತಾಯಿಗೆ ಅರ್ಥವಾಗುವ ಕನ್ನಡದಲ್ಲಿರಬೇಕು. ಮಗುವಿನ ನಾಲಿಗೆಯನ್ನು ಪಠ್ಯಪುಸ್ತಕಕ್ಕಲ್ಲ, ಅದರ ಅವ್ವನ ನಾಲಿಗೆಗೆ ಹೋಲಿಸಿ ನೋಡಬೇಕು. ಅವ್ವ ಆಡುವುದನ್ನು ಮಗು ಆಡಿದರೆ ಅದು ಭಾಷೆ. ಆಡಲಾರದಿದ್ದರೆ, ಆಗ ನಿಮ್ಮ ಯಂತ್ರ ತನ್ನಿ, ಬೇಗ ತನ್ನಿ.

ಹಳ್ಳಿಯ ಮೇಷ್ಟ್ರುಗಳೇ, ನಾಳೆ ಒಂದು ಮಗು ‘ಅಸು’ ಅಂದರೆ ನಗಬೇಡಿ. ಇನ್ನೊಂದು ಮಗು ‘ತರ’ ಅಂದರೆ ಸುಮ್ಮನಿರಬೇಡಿ. ಅದರ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಹಿಡಿದು ಕೂಗಿ. ತಿರುಗದಿದ್ದರೆ ಆಸ್ಪತ್ರೆಗೆ ಕಳಿಸಿ. ತಿರುಗಿದರೂ ಅನುಮಾನ ಉಳಿದರೆ ಕಳಿಸಿ. ಅಷ್ಟಕ್ಕೆ ಯಾವ ಇಂಗ್ಲಿಷೂ ಬೇಕಿಲ್ಲ.